ಬೆಳ್ಳಿ ಉಜ್ಜಿದರೆ ಹೊಳೆಯುತ್ತೆ, ಫೋಟೋ ಉಜ್ಜಿದರೆ?

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ನಮ್ಮ ಮನೆಯಲ್ಲಿ ಬೆಳ್ಳಿ ಸಾಮಾನು ಬೀರುವಿನಿಂದ ಹೊರಗೆ ಬರುತ್ತದೆ. ಹೋದ ವರ್ಷ ಫಳಫಳ ಅಂತಿದ್ದ ಕುಂಕುಮದ ಬಟ್ಟಲು ಈ ವರ್ಷ ಕಪ್ಪಾಗಿ ಕೂತಿರುತ್ತದೆ. ಅಮ್ಮ ಹಳೇ ಪಂಚೆಯ ಚೂರಿಗೆ ಒಂದಿಷ್ಟು ವಿಭೂತಿ ತೆಗೆದುಕೊಂಡು ಉಜ್ಜುತ್ತಾರೆ. ಹತ್ತು ನಿಮಿಷಕ್ಕೆ ಬಟ್ಟಲು ಹೊಸದರ ಹಾಗಾಗುತ್ತದೆ, ಬಟ್ಟೆ ಕಪ್ಪಾಗುತ್ತದೆ.

ಆ ಬಟ್ಟೆಗೆ ಹತ್ತಿದ ಕಪ್ಪಿನಲ್ಲೂ ಬೆಳ್ಳಿ ಇದೆ. ಗಾಳಿಯ ಗಂಧಕದ ಜೊತೆ ಸೇರಿ ಕಪ್ಪಾದ ಬೆಳ್ಳಿ ಅದು. ಉಜ್ಜಿದಷ್ಟು ಸಲ ಬಟ್ಟಲು ಒಂದು ಎಳೆ ಸವೆಯುತ್ತದೆ. ಬಟ್ಟಲಿಗೆ ಅದರಿಂದ ಏನೂ ನಷ್ಟ ಇಲ್ಲ ಬಿಡಿ, ಬೇಕಾದಷ್ಟು ಬೆಳ್ಳಿ ಇದೆ. ಆದರೆ ಇದೇ ಉಪಚಾರವನ್ನು ಜಗತ್ತಿನ ಮೊದಲ ಕಾಲದ ಫೋಟೋಗಳಿಗೂ ಮಾಡಿದವರಿದ್ದಾರೆ. ತಗಡು ಚೆನ್ನಾಗಿ ಹೊಳೆಯಿತು. ಅದರ ಮೇಲಿದ್ದ ಮನುಷ್ಯ ಬಟ್ಟೆಗೆ ಅಂಟಿಕೊಂಡು ಹೋದ.

ಆ ಫೋಟೋಗಳಿಗೆ ಡಗೆರೊಟೈಪ್ ಅಂತ ಹೆಸರು. ಕಾಗದ ಇಲ್ಲ, ಫಿಲ್ಮ್ ಇಲ್ಲ. ಬೆಳ್ಳಿ ಹೊದಿಸಿದ ತಾಮ್ರದ ತಗಡಿನ ಮೇಲೆ ನೇರವಾಗಿ ಮೂಡಿಸಿದ ಚಿತ್ರ ಅದು.

ಮೊದಲ ಸಲ ಒಂದನ್ನು ನೋಡಿದಾಗ ನನಗೆ ಕಂಡಿದ್ದು ನನ್ನದೇ ಮೂಗು. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಕನ್ನಡಿ ಇಟ್ಟ ಹಾಗಿತ್ತು, ಅಷ್ಟೆ. ಸ್ವಲ್ಪ ಬಗ್ಗಿ ಪಕ್ಕಕ್ಕೆ ಸರಿದೆ. ಕನ್ನಡಿ ಮಾಯವಾಗಿ ಬಾನೆಟ್ ಕಟ್ಟಿದ ಒಬ್ಬ ಹೆಂಗಸು ಎದ್ದು ಬಂದಳು. ಇನ್ನೊಂದು ಹೆಜ್ಜೆ ಸರಿದೆ. ಈಗ ಅವಳ ಮುಖ ಕಪ್ಪು, ಕಪ್ಪು ಉಡುಪು ಬೆಳ್ಳಗೆ, ಥೇಟ್ ನೆಗೆಟಿವ್. ಒಂದೇ ತಗಡು, ಮೂರು ನೋಟ.

ಇದು ಹೇಗೆ ಅಂತ ಗೊತ್ತಾಗಬೇಕಾದರೆ ಮನೆಯ ಕನ್ನಡಿಯ ಮೇಲೆ ಚೂರು ಟಾಲ್ಕಮ್ ಪೌಡರ್ ಉದುರಿಸಿ ನೋಡಿ. ಕನ್ನಡಿಯಲ್ಲಿ ಕಪ್ಪು ಬಟ್ಟೆಯ ಪ್ರತಿಬಿಂಬ ಬೀಳುವ ಹಾಗೆ ನಿಂತರೆ ಪೌಡರ್ ಬಿದ್ದ ಜಾಗ ಬೆಳ್ಳಗೆ ಕಾಣುತ್ತದೆ, ಮಿಕ್ಕಿದ್ದು ಕಪ್ಪು. ಕಿಟಕಿಯ ಬೆಳಕಿನ ಪ್ರತಿಬಿಂಬ ಬೀಳುವ ಹಾಗೆ ನಿಂತರೆ ಕನ್ನಡಿಯೇ ಝಗ್ ಅನ್ನುತ್ತದೆ, ಅದರ ಮುಂದೆ ಪೌಡರ್ ಮಂಕಾಗಿ ಕಾಣುತ್ತದೆ. ಡಗೆರೊಟೈಪ್ ಕೂಡ ಹೀಗೇ, ಕನ್ನಡಿಯ ಮೇಲಿನ ಪುಡಿ. ಪುಡಿ ಅಂದರೆ ಬೆಳ್ಳಿ ಮತ್ತು ಪಾದರಸ ಬೆರೆತ ಕಣಗಳು, ಒಂದೊಂದೂ ತಲೆಗೂದಲ ದಪ್ಪದ ಎಷ್ಟೋ ಪಾಲು ಚಿಕ್ಕದು. ಬೆಳಕು ಜಾಸ್ತಿ ಬಿದ್ದ ಕಡೆ ಕಣಗಳು ಒತ್ತೊತ್ತಾಗಿರುತ್ತವೆ. ಕೆನ್ನೆ, ಬಿಳಿ ಕಾಲರ್, ಆಕಾಶ ಎಲ್ಲ ಹಾಗೆ ಮೂಡುತ್ತವೆ. ನೆರಳಿದ್ದ ಕಡೆ ಬರೀ ಬೆಳ್ಳಿ ಕನ್ನಡಿ. ಅಂದರೆ ಚಿತ್ರದ ಕಪ್ಪೆಲ್ಲ ನೋಡುವವರ ಕೋಣೆಯಿಂದ ಎರವಲು ಪಡೆದದ್ದು! ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕಷ್ಟಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಮಾಡುವ ಕೆಲಸವಂತೂ ಅಕ್ಕಸಾಲಿಗರ ಕೆಲಸಕ್ಕೆ ಹತ್ತಿರ. ತಾಮ್ರದ ತಗಡಿಗೆ ತೆಳ್ಳಗೆ ಬೆಳ್ಳಿ ಹೊದಿಸಿರುತ್ತಾರೆ. ಕೆಲವು ತಗಡುಗಳ ಮೂಲೆಯಲ್ಲಿ ‘40’ ಅಂತ ಒತ್ತಿದ ಮುದ್ರೆ ಇರುತ್ತದೆ, ನಲವತ್ತರಲ್ಲಿ ಒಂದು ಪಾಲು ಬೆಳ್ಳಿ ಅಂತ ಅದರ ಲೆಕ್ಕ. ಅದನ್ನು ನುಣ್ಣನೆ ಕಲ್ಲುಪುಡಿ ಹಾಕಿ, ತೊಗಲು ಸುತ್ತಿದ ಕೋಲಿನಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಬೇಕು. ಆಮೇಲೆ ಕತ್ತಲೆಯಲ್ಲಿ ಅಯೋಡಿನ್ ಆವಿ ಹಿಡಿಸಬೇಕು. ಬೆಳ್ಳಿ ಹೊಂಬಣ್ಣಕ್ಕೆ ತಿರುಗಿದರೆ ಅದಕ್ಕೆ ಬೆಳಕಿಗೆ ಸ್ಪಂದಿಸುವ ಗುಣ ಬಂತು ಅಂತ ಅರ್ಥ. ಕ್ಯಾಮೆರಾದಲ್ಲಿಟ್ಟು ಬೆಳಕು ತೋರಿಸಿ ಹೊರಗೆ ತೆಗೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿ ಮಾಡಿದ ಪಾದರಸದ ಹೊಗೆಯ ಮೇಲೆ ಹಿಡಿದಾಗಷ್ಟೇ ಬೆಳಕು ತಾಗಿದ ಕಡೆಯಲ್ಲೆಲ್ಲ ಕಣಗಳು ಕಟ್ಟಿಕೊಂಡು ಚಿತ್ರ ಏಳುತ್ತದೆ. ಉಳಿದ ಅಯೋಡಿನ್ ಅಂಶವನ್ನು ಹೈಪೋ ಅನ್ನುವ ರಾಸಾಯನಿಕದ ದ್ರಾವಣದಲ್ಲಿ ತೊಳೆದು ತೆಗೆಯುತ್ತಾರೆ. ಪಾದರಸದ ಹೊಗೆ ಎಂಥ ವಿಷ ಅಂತ ಹೇಳಬೇಕಾಗಿಲ್ಲ. ಆ ಸ್ಟುಡಿಯೋದವರು ದಿನವಿಡೀ ಅದನ್ನೇ ಉಸಿರಾಡುತ್ತಿದ್ದರು.

1840ರಲ್ಲಿ ಫ್ರಾನ್ಸಿನ ಇಪೋಲಿತ್ ಫಿಜೋ ಒಂದು ಕೊನೆಯ ಹಂತ ಸೇರಿಸಿದರು. ತಗಡಿನ ಮೇಲೆ ಚಿನ್ನದ ಲವಣದ ದ್ರಾವಣ ಸುರಿದು ಕೆಳಗಿನಿಂದ ಕಾಯಿಸುವುದು. ನಮ್ಮಲ್ಲಿ ಒಡವೆಗೆ ಚಿನ್ನದ ನೀರು ಹಾಕಿಸುತ್ತಾರಲ್ಲ, ಆ ಜಾತಿಯ ಕೆಲಸ. ಚಿತ್ರಕ್ಕೆ ಒಂದು ಬೆಚ್ಚನೆಯ ಕಳೆ ಬಂತು, ಕಣಗಳೂ ಸ್ವಲ್ಪ ಗಟ್ಟಿಯಾಗಿ ಕೂತವು. ಸ್ವಲ್ಪ ಅಂದರೆ ಸ್ವಲ್ಪವೇ. ಚಿನ್ನ ಇಲ್ಲದ ತಗಡು ಬೆರಳು ಸವರಿದರೆ ಅಳಿಸಿಹೋಗುತ್ತಿತ್ತು. ಚಿನ್ನ ಹಾಕಿದ್ದು ಸವರಿದರೆ ಗೀರುತ್ತದೆ.

ಇದನ್ನು ಕಂಡುಹಿಡಿದ ಲೂಯಿ ಡಗೆರ್ ಮೂಲತಃ ಪ್ಯಾರಿಸ್ಸಿನ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದ. ಲೋಹದ ಮೇಲೆ ಬೆಳಕಿನಿಂದ ಚಿತ್ರ ಹಿಡಿಯುವುದನ್ನು ಅವರಿಗಿಂತ ಮುಂಚೆ ಸಾಧಿಸಿದ್ದವರು ನಿಸೆಫೋರ್ ನಿಯೆಪ್ಸ್. 1827ರ ಆಸುಪಾಸಿನಲ್ಲಿ ತಮ್ಮ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಅವರು ತವರ ಬೆರೆತ ಪ್ಯೂಟರ್ ತಗಡಿನ ಮೇಲೆ ಡಾಂಬರಿನಂಥ ವಸ್ತು ಬಳಿದು ಹಿಡಿದರು. ಅದು ಈಗ ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರ್‌ನಲ್ಲಿ ಆಮ್ಲಜನಕ ಇಲ್ಲದ ಪೆಟ್ಟಿಗೆಯೊಳಗಿದೆ. ಇಬ್ಬರೂ 1829ರಲ್ಲಿ ಪಾಲುದಾರರಾದರು. ನಾಲ್ಕು ವರ್ಷಕ್ಕೆ ನಿಯೆಪ್ಸ್ ತೀರಿಕೊಂಡರು. 1839ರ ಆಗಸ್ಟ್ 19ರಂದು ಫ್ರೆಂಚ್ ಸರ್ಕಾರ ಡಗೆರ್ ಅವರಿಗೆ ಮತ್ತು ನಿಯೆಪ್ಸ್ ಮಗನಿಗೆ ಪಿಂಚಣಿ ಕೊಟ್ಟು, ವಿಧಾನವನ್ನು ಇಡೀ ಜಗತ್ತಿಗೆ ಬಿಟ್ಟಿ ಕೊಡುತ್ತಿದ್ದೇವೆ ಅಂತ ಸಾರಿತು. ತಮಾಷೆ ಏನೆಂದರೆ, ಅದಕ್ಕೆ ಐದು ದಿನ ಮುಂಚೆ ಇಂಗ್ಲೆಂಡಿನಲ್ಲಿ ಡಗೆರ್ ಪರವಾಗಿ ಪೇಟೆಂಟ್ ಆಗಿತ್ತು. ಇಡೀ ಜಗತ್ತು ಅಂದರೆ ಇಂಗ್ಲೆಂಡ್ ಬಿಟ್ಟು ಅಂತ ಓದಿಕೊಳ್ಳಬೇಕು.

ಮುಂದಿನ ಹದಿನೈದು ವರ್ಷ ಡಗೆರೊಟೈಪ್‌ನದ್ದೇ ದರ್ಬಾರು, ಅದರಲ್ಲೂ ಅಮೆರಿಕದಲ್ಲಿ. ಆದರೆ ಇದಕ್ಕೆ ನೆಗೆಟಿವ್ ಇಲ್ಲ. ಒಂದು ಸಲಕ್ಕೆ ಒಂದೇ ತಗಡು, ಇನ್ನೊಂದು ಪ್ರತಿ ಬೇಕಾದರೆ ಮತ್ತೆ ಹೋಗಿ ಕೂರಬೇಕು. ಕಾಗದ ಮತ್ತು ಗಾಜಿನ ನೆಗೆಟಿವ್ ಬಂದ ಮೇಲೆ ಇದು ಸೋತಿತು. ನಮ್ಮ ಕಡೆಯ ಹಳೇ ಫೋಟೋಗಳ ಮಾತು ಬಂದಾಗ ಹಂಪಿ ನೆನಪಾಗುತ್ತದೆ ಅಲ್ವಾ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಹಂಪಿಯನ್ನು ಹಿಡಿದದ್ದು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ. ಅಷ್ಟು ಹೊತ್ತಿಗೆ ತಗಡಿನ ಕಾಲ ಮುಗಿಯುತ್ತಾ ಬಂದಿತ್ತು.

ಪ್ರತಿ ತೆಗೆಯಲು ಆಗದಿದ್ದರೂ ಒಂದು ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. 1848ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಫಾಂಟೇನ್ ಮತ್ತು ವಿಲಿಯಂ ಪೋರ್ಟರ್ ಅನ್ನುವ ಇಬ್ಬರು ಒಹಾಯೋ ನದಿಯ ಆಚೆ ದಡದಲ್ಲಿ ನಿಂತು ಸಿನ್ಸಿನಾಟಿ ಊರನ್ನು ಎಂಟು ತಗಡುಗಳಲ್ಲಿ ಹಿಡಿದರು. ಒಂದೊಂದು ತಗಡೂ ಆರೂವರೆ ಇಂಚು ಎತ್ತರ, ಎಂಟೂವರೆ ಇಂಚು ಅಗಲ. ಸಾಲಾಗಿ ಇಟ್ಟರೆ ನದಿ ದಂಡೆಯ ಉದ್ದಕ್ಕೂ ಉಗಿದೋಣಿಗಳು, ಗೋದಾಮುಗಳು, ಹಿಂದೆ ಗುಡ್ಡ. ಆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇವತ್ತಿಗೂ ಇವೆ. ಸಂರಕ್ಷಣೆಗೆ ಅಂತ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಹೌಸ್ ಅನ್ನುವ ಫೋಟೋ ಮ್ಯೂಸಿಯಂಗೆ ಹೋದಾಗ ಅಲ್ಲಿನವರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ದೂರದಲ್ಲೊಂದು ಗಡಿಯಾರದ ಗೋಪುರ. ತಗಡಿನ ಮೇಲೆ ಆ ಗಡಿಯಾರ ಸಾಸಿವೆ ಕಾಳಿಗಿಂತ ದೊಡ್ಡದಿಲ್ಲ. ಹಿಗ್ಗಿಸುತ್ತಾ ಹೋದಂತೆ ಮುಳ್ಳುಗಳು ಕಂಡವು. ಗಂಟೆ ಎರಡಕ್ಕೆ ಐದು ನಿಮಿಷ ಬಾಕಿ. ಕಿಟಕಿಯ ಪರದೆ, ಅಂಗಡಿಯ ಬೋರ್ಡು ಕೂಡ ಓದಲು ಸಿಕ್ಕವು. ನಮ್ಮ ಫೋನಿನ ಫೋಟೋವನ್ನು ಹೀಗೆ ಹಿಗ್ಗಿಸುತ್ತಾ ಹೋದರೆ ಬರೀ ಚೌಕಗಳು.

ಆದರೆ ಆ ಗಡಿಯಾರದ ಗಾತ್ರಕ್ಕೆ ಒಂದು ಧೂಳಿನ ಕಣವೂ ದೊಡ್ಡದೇ. ಒಂದು ಚುಕ್ಕೆ ಕಿಲುಬು ಕೂತರೆ ಒಂದು ಮನೆ ಹೋಯಿತು, ಒಬ್ಬ ಮನುಷ್ಯ ಹೋದ.

ಇನ್ನು ಇವು ಹಾಳಾಗುವುದು ಹೇಗೆ ಅಂತ ನೋಡೋಣ. ಮೊದಲನೆಯದು ಅಮ್ಮನ ಬಟ್ಟಲಿಗೆ ಬರುವ ರೋಗವೇ, ಗಾಳಿಯ ಗಂಧಕ. ಅದಕ್ಕೇ ಸ್ಟುಡಿಯೋದವರು ಡಗೆರೊಟೈಪನ್ನು ಬರಿದಾಗಿ ಬಿಡುತ್ತಿರಲಿಲ್ಲ. ತಗಡಿನ ಮೇಲೆ ಕಿಟಕಿ ಕೊರೆದ ಹಿತ್ತಾಳೆ ಚೌಕಟ್ಟು, ಅದರ ಮೇಲೆ ಗಾಜು, ಮೂರನ್ನೂ ಸೇರಿಸಿ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ಮಖಮಲ್ಲು ಹಾಕಿದ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ನೂರೈವತ್ತು ವರ್ಷದಲ್ಲಿ ಆ ಕಾಗದ ಬಿಟ್ಟುಕೊಂಡು ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೇ ಕಲೆ ಸಾಮಾನ್ಯವಾಗಿ ಚೌಕಟ್ಟಿನ ಅಂಚಿನಿಂದ ಶುರುವಾಗಿ ನಡುವಿನ ಕಡೆ ಸಾಗುತ್ತದೆ. ಅಂಚಿನಲ್ಲಿ ನೀಲಿ, ಒಳಗೆ ಬಂದಂತೆ ನೇರಳೆ, ಆಮೇಲೆ ಹಳದಿ. ಮಳೆ ನಿಂತ ಮೇಲೆ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಮೇಲೆ ಕಾಣುವ ಬಣ್ಣಗಳ ಹಾಗೆ. ಎರಡಕ್ಕೂ ಕಾರಣ ಒಂದೇ. ಪೊರೆ ಎಷ್ಟು ತೆಳು ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಅನುಭವಿಗಳು ಬಣ್ಣ ನೋಡಿಯೇ ಕಿಲುಬು ಎಷ್ಟು ದಪ್ಪ ಇದೆ ಅಂತ ಹೇಳುತ್ತಾರೆ.

ಎರಡನೆಯ ಶತ್ರು ಕಾಯಬೇಕಾದ ಗಾಜೇ. ಆ ಕಾಲದ ಗಾಜಿನಲ್ಲಿ ಕ್ಷಾರ ಜಾಸ್ತಿ. ತೇವ ತಾಗಿದರೆ ಅದು ಒಳಗಿನಿಂದ ಬೆವರುತ್ತದೆ. ಸಂರಕ್ಷಕರು ಇದನ್ನು ‘ಅಳುವ ಗಾಜು’ ಅನ್ನುತ್ತಾರೆ. ಸಣ್ಣ ಸಣ್ಣ ಹನಿ, ಹರಳು ಗಾಜಿನ ಒಳಮೈಗೆ ಕಟ್ಟಿಕೊಳ್ಳುತ್ತವೆ. ಅವು ತಗಡಿನ ಮೇಲೆ ಬಿದ್ದರೆ ಅಲ್ಲೊಂದು ಕಲೆ. ಬೆಳ್ಳಿ ತೂತಾಗಿ ತಾಮ್ರಕ್ಕೆ ತಾಗಿದರೆ ಹಸಿರು ಕಿಲುಬು. ಎಷ್ಟೋ ಸಲ ಚಿತ್ರ ಮಂಜಾಗಿದೆ ಅಂತ ಜನ ಬೇಸರ ಮಾಡಿಕೊಳ್ಳುತ್ತಾರೆ. ಮಂಜಾಗಿರುವುದು ಗಾಜು ಮಾತ್ರ, ಒಳಗೆ ಚಿತ್ರ ನೆಟ್ಟಗಿರುತ್ತದೆ.

ಮೂರನೆಯದು ಮನುಷ್ಯ. ನನ್ನ ಲೆಕ್ಕದಲ್ಲಿ ಇವನದ್ದೇ ಮೊದಲ ಸ್ಥಾನ. ಗಾಳಿ ನೂರು ವರ್ಷ ತೆಗೆದುಕೊಂಡು ಮಾಡುವ ಹಾನಿಯನ್ನು ಒಳ್ಳೆಯ ಮನಸ್ಸಿನವರೊಬ್ಬರು ಕರವಸ್ತ್ರದಲ್ಲಿ ಹತ್ತು ಸೆಕೆಂಡಿಗೆ ಮುಗಿಸುತ್ತಾರೆ. ಆಗಲೇ ಹೇಳಿದೆನಲ್ಲ, ಚಿತ್ರ ಕನ್ನಡಿಯ ಮೇಲಿನ ಪುಡಿ. ಕಿಲುಬು ಕೂತಿರುವುದೂ ಅದೇ ಪುಡಿಯ ಮೇಲೆ, ಅದರ ಸಂದಿಯಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಉಜ್ಜುವ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಉಜ್ಜಬಾರದು ಅಂತ ಗೊತ್ತಿದ್ದವರು ಅದ್ದಿ ತೊಳೆಯಲು ಹೋದರು. ಹಿಂದೆ ಸ್ಟುಡಿಯೋದವರು ಸಯನೈಡ್ ಬಳಸುತ್ತಿದ್ದರು. ಅದು ಕಿಲುಬಿನ ಜೊತೆ ಬೆಳ್ಳಿಯನ್ನೂ ತಿನ್ನುತ್ತಿತ್ತು. 1950ರ ದಶಕದಲ್ಲಿ ಥಯೋಯೂರಿಯಾ ಅನ್ನುವ ರಾಸಾಯನಿಕ ಬಂತು. ಬೆಳ್ಳಿ ಪಾತ್ರೆಯನ್ನು ಅದ್ದಿ ತೆಗೆದರೆ ಹೊಳೆಯುವ ದ್ರಾವಣಗಳಲ್ಲಿ ಇರುತ್ತದಲ್ಲ, ಅದೇ. ಕಪ್ಪು ತಗಡು ಕಣ್ಣೆದುರೇ ಹೊಳೆಯುತ್ತಿತ್ತು. ಮ್ಯೂಸಿಯಂಗಳೇ ಖುಷಿಯಿಂದ ಸಾಲುಸಾಲಾಗಿ ತೊಳೆದವು. ಕೆಲವು ವರ್ಷ ಕಳೆದ ಮೇಲೆ ತೊಳೆದ ತಗಡುಗಳ ಮೈಯೆಲ್ಲ ಕಂದು ಚುಕ್ಕೆ ಏಳತೊಡಗಿತು. ಸಂರಕ್ಷಕರು ಅದಕ್ಕೆ ‘ದಡಾರ’ ಅಂತಲೇ ಹೆಸರಿಟ್ಟರು. ಎಷ್ಟು ನೀರು ಹಾಕಿ ತೊಳೆದರೂ ಥಯೋಯೂರಿಯಾದ ಅಂಶ ಬೆಳ್ಳಿಯ ಮೇಲೆ ಉಳಿದು ಒಳಗೊಳಗೇ ಕೆಲಸ ಮಾಡುತ್ತಿತ್ತು. ಆಮೇಲೆ ಆ ದಾರಿ ಬಿಟ್ಟರು. ವಿದ್ಯುತ್ ಹರಿಸಿ ಕಿಲುಬನ್ನು ಮತ್ತೆ ಬೆಳ್ಳಿಯಾಗಿಸುವ ವಿಧಾನ ಬಂದಿದೆ, ಲೇಸರ್‌ನ ಪ್ರಯೋಗಗಳೂ ನಡೆದಿವೆ. ಆದರೆ ಮೊದಲಿನ ಪೆಟ್ಟು ತಿಂದವರು ಈಗ ಯಾವುದನ್ನೂ ಸುಲಭಕ್ಕೆ ಮುಟ್ಟುವುದಿಲ್ಲ.

ಹಾಗಾದರೆ ಈಗ ಏನು ಮಾಡುತ್ತಾರೆ? ಬಹುಪಾಲು ಸಲ ತಗಡಿಗೆ ಏನೂ ಮಾಡುವುದಿಲ್ಲ, ಅದರ ಸುತ್ತಲಿನದ್ದನ್ನು ಬದಲಿಸುತ್ತಾರೆ. ಮೊದಲು ಇದ್ದ ಹಾಗೇ ಒಂದು ಫೋಟೋ. ಆಮೇಲೆ ಕಟ್ಟು ಬಿಚ್ಚಿ, ಅಳುವ ಗಾಜನ್ನು ತೆಗೆದಿಟ್ಟು, ಕ್ಷಾರ ಬಿಡದ ಬೋರೋಸಿಲಿಕೇಟ್ ಗಾಜು ಹಾಕುತ್ತಾರೆ. ನಮ್ಮ ಲ್ಯಾಬಿನ ಬೀಕರುಗಳದ್ದೂ ಇದೇ ಗಾಜು. ತಗಡಿನ ಮೇಲಿನ ಸಡಿಲ ಧೂಳನ್ನು ಗಾಳಿಯ ಬಲ್ಬಿನಿಂದ ಮೆಲ್ಲಗೆ ಊದುತ್ತಾರೆ. ಬಾಯಿಂದ ಊದುವ ಹಾಗಿಲ್ಲ, ಎಂಜಲು ಹಾರಿದರೆ ಅದೂ ಒಂದು ಕಲೆ. ಅಂಚಿಗೆ ಆಮ್ಲ ಇಲ್ಲದ ಹೊಸ ಪಟ್ಟಿ. ಹಳೇ ಹಿತ್ತಾಳೆ, ಹಳೇ ಪೆಟ್ಟಿಗೆ ಹಾಗೇ ವಾಪಸು. ಪೆಟ್ಟಿಗೆಯೊಳಗೆ ಯಾರೋ ಸಿಕ್ಕಿಸಿಟ್ಟ ಚೀಟಿಯೋ ಕೂದಲ ಎಳೆಯೋ ಸಿಕ್ಕರೆ ಅದನ್ನೂ ಎಸೆಯುವುದಿಲ್ಲ. ಸಿನ್ಸಿನಾಟಿಯ ಎಂಟು ತಗಡುಗಳಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆ ಮಾಡಿಸಿದರು.

ಬೆಳಕಿನ ವಿಷಯದಲ್ಲಿ ಮಾತ್ರ ಬಹಳ ವರ್ಷ ಎಲ್ಲರೂ ನಿಶ್ಚಿಂತೆಯಿಂದಿದ್ದರು. ಲೋಹ ತಾನೇ, ಕಾಗದದ ಹಾಗೆ ಬಣ್ಣ ಮಾಸುವುದಿಲ್ಲ ಅಂತ. 2005ರಲ್ಲಿ ನ್ಯೂಯಾರ್ಕ್‌ನಲ್ಲಿ ಬಾಸ್ಟನ್ನಿನ ಸೌತ್‌ವರ್ತ್ ಆಂಡ್ ಹಾಸ್ ಸ್ಟುಡಿಯೋದ ತಗಡುಗಳ ದೊಡ್ಡ ಪ್ರದರ್ಶನ ನಡೆಯಿತು. ನೂರೈವತ್ತು ವರ್ಷ ಗಟ್ಟಿಯಾಗಿದ್ದ ಕೆಲವು ತಗಡುಗಳ ಮೇಲೆ ಪ್ರದರ್ಶನ ನಡೆಯುತ್ತಿರುವಾಗಲೇ ಬಿಳಿ ಮಂಜಿನಂಥ ಪೊರೆ ಕಾಣಿಸಿಕೊಂಡಿತು. ಕೆಲವದರ ಚಿತ್ರವೇ ಮಸುಕಾಯಿತು. ಮೇಲ್ಮೈಯಲ್ಲಿ ಸೇರಿಕೊಂಡ ಕ್ಲೋರಿನ್ ಬೆಳ್ಳಿಯ ಜೊತೆ ಕೂಡಿದರೆ ಸಿಗುವುದು ಬೆಳಕಿಗೆ ಸ್ಪಂದಿಸುವ ಲವಣ. ಆ ತಗಡುಗಳಲ್ಲೂ ಹಾಗೇ ಆಗಿರಬೇಕು ಅನ್ನುವುದು ತಜ್ಞರ ಅನುಮಾನ. ಅಂದರೆ ತಗಡು ಮತ್ತೆ ‘ಫೋಟೋ ತೆಗೆಯಲು’ ಶುರು ಮಾಡಿತ್ತು! ಆ ಪೆಟ್ಟಿನ ಮೇಲೆ ಭೌತವಿಜ್ಞಾನಿಗಳೂ ಈ ಕೆಲಸಕ್ಕೆ ಕೈಹಾಕಿದರು.

ಪೂರ್ತಿ ಕಪ್ಪಾದ ತಗಡಿನ ಕಥೆ ಏನು? 2018ರಲ್ಲಿ ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದವರು ಅಲ್ಲಿನ ನ್ಯಾಷನಲ್ ಗ್ಯಾಲರಿಯ ಎರಡು ತಗಡುಗಳನ್ನು ತೆಗೆದುಕೊಂಡರು. ಕಿಲುಬು ಎಷ್ಟಿತ್ತು ಅಂದರೆ ಗಂಡೋ ಹೆಣ್ಣೋ ಅನ್ನುವುದೂ ತಿಳಿಯುತ್ತಿರಲಿಲ್ಲ. ಅವರು ಯೋಚಿಸಿದ್ದು ಸರಳವಾಗಿತ್ತು. ಚಿತ್ರದ ಕಣಗಳಲ್ಲಿ ಪಾದರಸ ಇದೆ. ಕಿಲುಬು ಮೇಲೆ ಕೂತರೂ ಪಾದರಸ ಎಲ್ಲೂ ಓಡಿಹೋಗಿಲ್ಲ. ತುಂಬಾ ಪ್ರಖರ ಎಕ್ಸ್‌ರೇ ಹುಟ್ಟಿಸುವ ಸಿಂಕ್ರೊಟ್ರಾನ್ ಅನ್ನುವ ದೊಡ್ಡ ಯಂತ್ರದ ಕೂದಲಿಗಿಂತ ತೆಳುವಾದ ಎಕ್ಸ್‌ರೇ ಕಿರಣದಲ್ಲಿ ತಗಡನ್ನು ಸಾಲುಸಾಲಾಗಿ, ಗಂಟೆಗಟ್ಟಲೆ ತಡವಿ, ಯಾವ ಬಿಂದುವಿನಲ್ಲಿ ಎಷ್ಟು ಪಾದರಸ ಇದೆ ಅಂತ ನಕ್ಷೆ ಬರೆದರು. ನಕ್ಷೆ ಮುಗಿದಾಗ ಒಬ್ಬ ಹೆಂಗಸು ನೇರವಾಗಿ ನೋಡುತ್ತಾ ಕೂತಿದ್ದಳು, ಉಡುಪಿನ ನೆರಿಗೆ ಸಮೇತ. ತಗಡನ್ನು ಯಾರೂ ಒಂದು ಸಲವೂ ಒರೆಸಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬೆಳ್ಳಿ ತಗಡಿನ ಬಗ್ಗೆ. ಟಿನ್‌ಟೈಪ್ ಅಂತ ಇನ್ನೊಂದಿದೆ, 1850ರ ದಶಕದಲ್ಲಿ ಬಂದದ್ದು. ಹೆಸರಲ್ಲಿ ತವರ ಇದ್ದರೂ ಅದು ಕಪ್ಪು ಬಣ್ಣ ಬಳಿದ ಕಬ್ಬಿಣದ ತಗಡು. ಅಗ್ಗ, ಗಟ್ಟಿ, ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳ ಎಷ್ಟೋ ಫೋಟೋಗಳು ಇದರಲ್ಲೇ ಇವೆ. ಇದರ ಶತ್ರು ನಮಗೆಲ್ಲ ಗೊತ್ತಿರುವ ತುಕ್ಕು. ಬಗ್ಗಿದರೆ ಮೇಲಿನ ಪದರ ಸಿಪ್ಪೆ ಏಳುತ್ತದೆ, ಆ ಸಂದಿಯಿಂದ ತುಕ್ಕು ಶುರು.

ಹೊರದೇಶದಲ್ಲಿರುವ ಕನ್ನಡಿಗರು ವಾರದ ಸಂತೆಗಳಲ್ಲಿ ಇಂಥ ಪುಟ್ಟ ಪೆಟ್ಟಿಗೆಗಳನ್ನು ನೋಡಿರುತ್ತೀರಿ. ಗುರುತು ಹಿಡಿಯುವುದು ಕಷ್ಟವಲ್ಲ. ಓರೆ ಮಾಡಿದಾಗ ನಿಮ್ಮ ಮುಖ ಕಂಡು, ಚಿತ್ರ ನೆಗೆಟಿವ್ ಆದರೆ ಡಗೆರೊಟೈಪ್. ಹಾಗಾಗದೆ, ಪೆಟ್ಟಿಗೆಯ ಹಿಂಬದಿಗೆ ಹಿಡಿದ ಸಣ್ಣ ಅಯಸ್ಕಾಂತ ಎಳೆದರೆ ಟಿನ್‌ಟೈಪ್ ಇರಬಹುದು. ಎರಡೂ ಅಲ್ಲದಿದ್ದರೆ ಬಹುಶಃ ಗಾಜಿನ ಮೇಲಿನ ಆಂಬ್ರೊಟೈಪ್.

ಕೊಂಡು ತಂದಿರಾದರೆ ಬಿಚ್ಚಬೇಡಿ. ಹೊರಗಿನ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರು, ಸ್ಪ್ರೇ ಯಾವುದೂ ಬೇಡ. ದೇವರ ಮನೆಯ ಹತ್ತಿರ ಇಡಬೇಡಿ. ಊದುಬತ್ತಿಯ ಹೊಗೆ, ಎಣ್ಣೆ ದೀಪದ ಜಿಡ್ಡು ಎರಡೂ ಬೇಡ. ರಬ್ಬರ್ ಬ್ಯಾಂಡ್ ಸುತ್ತಲೇಬೇಡಿ, ರಬ್ಬರಿನಲ್ಲಿ ಗಂಧಕ ಇರುತ್ತದೆ. ಹೊಸದಾಗಿ ಬಣ್ಣ ಹೊಡೆದ ಬೀರುವೂ ಆಗುವುದಿಲ್ಲ. ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮನೆಯ ತಂಪಾದ ಒಣ ಕೋಣೆಯಲ್ಲಿಡಿ. ಗಾಳಿಯ ತೇವ ಶೇಕಡಾ 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಮಂಗಳೂರಿನ ಮಳೆಗಾಲದಲ್ಲಿ ಇದು ಕನಸೇ ಸರಿ. ಅಲ್ಲಿದ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ.

ಅದರ ಫೋಟೋ ತೆಗೆದು ಮನೆಯವರಿಗೆ ಕಳಿಸಬೇಕು ಅನ್ನಿಸಿದರೆ ಫೋನು, ಕೈ, ಟ್ಯೂಬ್‌ಲೈಟು ಎಲ್ಲ ಅದರಲ್ಲಿ ಪ್ರತಿಬಿಂಬಿಸಿ ತಲೆ ಕೆಡಿಸುತ್ತದೆ. ಮ್ಯೂಸಿಯಂನವರ ಉಪಾಯ ಬಳಸಿ. ದೊಡ್ಡ ಕಪ್ಪು ರಟ್ಟಿನಲ್ಲಿ ಫೋನಿನ ಲೆನ್ಸ್‌ನಷ್ಟು ತೂತು ಕೊರೆದು, ಅದರ ಹಿಂದೆ ಫೋನ್ ಹಿಡಿದು, ಕಿಟಕಿಯ ಬೆಳಕು ಪಕ್ಕದಿಂದ ಬರುವ ಹಾಗೆ ಕೂತುಕೊಳ್ಳಿ. ತಗಡಿಗೆ ಎದುರಿಗೆ ಕಾಣುವುದು ಬರೀ ಕಪ್ಪು. ಆಗ ಒಳಗಿನವರು ಕಾಣುತ್ತಾರೆ.